ನಾರ್ಡಿಕ್ ನಡಿಗೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ

ನಾರ್ಡಿಕ್ ನಡಿಗೆ: ಎರಡೂ ಕೈಗಳಲ್ಲಿ ಹಗುರವಾದ ಕೋಲು ಹಿಡಿದು, ಹೆಜ್ಜೆ ಹೆಜ್ಜೆಗೂ ಕೋಲನ್ನು ನೆಲಕ್ಕೆ ಒತ್ತಿ, ಮೈಯನ್ನು ಮುಂದಕ್ಕೆ ನೂಕಿಕೊಳ್ಳುತ್ತ ನಡೆಯುವ ವ್ಯಾಯಾಮ. ಹುಟ್ಟಿದ್ದು ಫಿನ್ಲೆಂಡಿನಲ್ಲಿ. ಮಾಮೂಲಿ ನಡಿಗೆಯಲ್ಲಿ ಮುಖ್ಯವಾಗಿ ದುಡಿಯುವುದು ಕಾಲು ಮತ್ತು ಸೊಂಟ. ಇದರಲ್ಲಿ ತೋಳು, ಹೆಗಲು, ಎದೆ, ಬೆನ್ನು, ಹೊಟ್ಟೆಯ ಸ್ನಾಯುಗಳಿಗೂ ಕೆಲಸ ಬೀಳುತ್ತದೆ. ಓಡಲು ಆಗದವರು, ತೂಕ ಹೆಚ್ಚಿರುವವರು, ವಯಸ್ಸಾದವರು, ಹೃದ್ರೋಗದಿಂದ ಚೇತರಿಸಿಕೊಳ್ಳುತ್ತಿರುವವರು ಮಾಡಬಹುದಾದ ವ್ಯಾಯಾಮಗಳಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಮಳೆ ಕಡಿಮೆ, ಬಂಡೆ ಹೆಚ್ಚು, ಕೆರೆ ಏರಿಗಳೂ ಬಯಲುಗಳೂ ಧಾರಾಳವಾಗಿರುವ ಈ ಸೀಮೆಯ ನೆಲಕ್ಕೂ ಜನರಿಗೂ ಈ ನಡಿಗೆ ಹೇಗೆ ಒಗ್ಗುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಹುಟ್ಟು ಮತ್ತು ಹರಡುವಿಕೆ

ಫಿನ್ಲೆಂಡಿನಲ್ಲಿ ಹಿಮದ ಮೇಲೆ ದೂರದೂರ ಸ್ಕೀ ಮಾಡುವ ಕ್ರೀಡಾಪಟುಗಳು ಬೇಸಿಗೆಯಲ್ಲಿ ಹಿಮ ಕರಗಿದಾಗ ಅಭ್ಯಾಸ ತಪ್ಪಬಾರದೆಂದು ಸ್ಕೀ ಕೋಲುಗಳನ್ನೇ ಹಿಡಿದು ಗುಡ್ಡ ಹತ್ತಿ ಇಳಿಯುತ್ತಿದ್ದರು. ಅದು ಅವರ ತರಬೇತಿಯ ಒಂದು ಭಾಗವಾಗಿತ್ತೇ ಹೊರತು ಜನಸಾಮಾನ್ಯರ ವ್ಯಾಯಾಮವಾಗಿರಲಿಲ್ಲ. 1966ರಲ್ಲಿ ಲೀನಾ ಯಾಸ್ಕೆಲಾಯ್ನೆನ್ ಎಂಬ ವ್ಯಾಯಾಮ ಶಿಕ್ಷಕಿ ತಮ್ಮ ಶಾಲೆಯ ಮಕ್ಕಳಿಗೆ ಕೋಲು ಹಿಡಿದು ನಡೆಯುವುದನ್ನು ಪಾಠವಾಗಿ ಕಲಿಸತೊಡಗಿದರು. 1979ರಲ್ಲಿ ಮೌರಿ ರೆಪೊ ಎಂಬ ತರಬೇತುದಾರ ಸ್ಕೀಯಿಂಗ್ ಕುರಿತು ಬರೆದ ಕೈಪಿಡಿಯಲ್ಲಿ ಈ ಕ್ರಮವನ್ನು ವಿವರಿಸಿದರು. ಅಮೆರಿಕದಲ್ಲಿ ಟಾಮ್ ರಟ್ಲಿನ್ 1980ರ ದಶಕದಲ್ಲಿ ಇಂಥದೇ ಒಂದು ಪದ್ಧತಿಯನ್ನು ಸ್ವತಂತ್ರವಾಗಿ ರೂಪಿಸಿದರು. ನಡಿಗೆಗೆಂದೇ ಬೇರೆ ಕೋಲು ಬಂದದ್ದು 1997ರಲ್ಲಿ. ಫಿನ್ಲೆಂಡಿನ ಎಕ್ಸೆಲ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಮಾರ್ಕೊ ಕಾಂಟನೇವಾ ಎಂಬವರು ಅದರ ಕಲಿಕೆಯ ಕ್ರಮವನ್ನು ಬರೆದಿಟ್ಟರು. 2000ದಲ್ಲಿ ಅಂತರರಾಷ್ಟ್ರೀಯ ನಾರ್ಡಿಕ್ ನಡಿಗೆ ಸಂಘ ಸ್ಥಾಪನೆಯಾಗಿ ತರಬೇತುದಾರರನ್ನು ತಯಾರು ಮಾಡತೊಡಗಿತು. ಅಲ್ಲಿಂದ ಮುಂದೆ ಜರ್ಮನಿ, ಆಸ್ಟ್ರಿಯಾ, ಪೋಲೆಂಡ್, ಇಟಲಿಗಳಲ್ಲಿ ಇದು ಉದ್ಯಾನದ ಸಾಮಾನ್ಯ ನೋಟವಾಯಿತು. ಭಾರತದಲ್ಲಿ ಜೋಡಿ ಕೋಲು ಹೆಚ್ಚಾಗಿ ಕಾಣುವುದು ಚಾರಣಿಗರ ಕೈಯಲ್ಲಿ.

ಈ ಸೀಮೆಯ ಕೋಲುಗಳು

ಕೋಲು ಹಿಡಿದ ನಡಿಗೆ ಈ ನಾಲ್ಕು ತಾಲ್ಲೂಕುಗಳಿಗೆ ಹೊಸತಲ್ಲ. ಶಿರಾ, ಪಾವಗಡ, ಮಧುಗಿರಿ ಕಡೆ ಕಾಡುಗೊಲ್ಲರ ಹಟ್ಟಿಗಳಿವೆ; ಕುರಿ ಸಾಕಣೆ ಅವರ ಕುಲಕಸುಬು, ಜುಂಜಪ್ಪ ಅವರ ಸಾಂಸ್ಕೃತಿಕ ವೀರ. ಕುರುಬರಲ್ಲೂ ಕುರಿಯೇ ಬದುಕು. ಬೆಳಿಗ್ಗೆ ಮಂದೆ ಬಿಟ್ಟುಕೊಂಡು ಹೊರಟ ಕುರಿಗಾಹಿ ಸಂಜೆಯವರೆಗೆ ಕಾಲ ಮೇಲೆ ಇರುತ್ತಾನೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೊಣ್ಣೆ, ಮೇಕೆಗಳಿಗೆ ಜಾಲಿ, ಬೇವಿನ ಸೊಪ್ಪು ಎಳೆದುಹಾಕಲು ತುದಿಗೆ ಕುಡುಗೋಲು ಕಟ್ಟಿದ ದೋಟಿ. ಮಂದೆ ನಿಂತರೆ ದೊಣ್ಣೆಯ ತಲೆಯ ಮೇಲೆ ಎರಡೂ ಅಂಗೈ ಇಟ್ಟು ಅದರ ಮೇಲೆ ಗಲ್ಲ ಊರುತ್ತಾನೆ. ಮಂದೆ ನಡೆದರೆ ದೊಣ್ಣೆಯನ್ನು ಹೆಗಲಿಗೆ ಅಡ್ಡ ಹಾಕಿ ಎರಡೂ ಕೈ ಅದಕ್ಕೆ ಜೋತುಬಿಡುತ್ತಾನೆ. ದೊಣ್ಣೆ ಅವನಿಗೆ ಆಸರೆ, ಆಯುಧ, ಸಲಕರಣೆ ಮೂರೂ ಹೌದು. ಆದರೆ ನಡಿಗೆಗೆ ಅದು ನೂಕುಬಲ ಕೊಡುವುದಿಲ್ಲ.

ಮುದುಕರ ಊರುಗೋಲಿನ ಕೆಲಸ ಇನ್ನೊಂದು ಬಗೆಯದು. ಅದು ಒಂದೇ ಕೋಲು. ನೋವಿರುವ ಕಾಲಿಗೆ ಎದುರಿನ ಕೈಯಲ್ಲಿ ಹಿಡಿದು, ಮೈಯ ಮುಂದೆ ಊರಿ, ತೂಕದ ಒಂದಿಷ್ಟು ಪಾಲನ್ನು ಅದರ ಮೇಲೆ ಹಾಕುತ್ತಾರೆ. ಊರುಗೋಲು ಹಿಡಿದವರ ನಡಿಗೆ ನಿಧಾನವಾಗುತ್ತದೆ. ಆಗಲೂ ಬೇಕು, ಅದರ ಉದ್ದೇಶವೇ ಬೀಳದಂತೆ ಕಾಯುವುದು. ನಾರ್ಡಿಕ್ ನಡಿಗೆಯ ಕೋಲು ಮೈಯ ಮುಂದೆ ಊರುವ ಕೋಲಲ್ಲ. ಅದು ಯಾವಾಗಲೂ ಹಿಂದಕ್ಕೆ ವಾಲಿರುತ್ತದೆ. ಹರಿಗೋಲಿನವನು ಗಳುವನ್ನು ನೀರಿನ ತಳಕ್ಕೆ ಒತ್ತಿ ಹರಿಗೋಲನ್ನು ಮುಂದೆ ನೂಕುವ ಹಾಗೆ, ಇಲ್ಲಿ ನಡೆಯುವವನು ಹಿಂದೆ ಒತ್ತಿ ತನ್ನನ್ನೇ ಮುಂದೆ ನೂಕಿಕೊಳ್ಳುತ್ತಾನೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹತ್ತದಿದ್ದರೆ, ಎಷ್ಟು ಬೆಲೆಯ ಕೋಲು ತಂದರೂ ಅದು ಜೋಡಿ ಊರುಗೋಲಾಗಿಯೇ ಉಳಿಯುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಕೋಲಿನ ರಚನೆ

ಕೋಲಿನ ದಂಡವನ್ನು ಅಲ್ಯೂಮಿನಿಯಂ, ಗಾಜಿನ ನಾರು ಅಥವಾ ಕಾರ್ಬನ್ ನಾರಿನಿಂದ ಮಾಡುತ್ತಾರೆ. ಕಾರ್ಬನ್ ಹೆಚ್ಚಿದಷ್ಟೂ ಹಗುರ, ನೆಲದ ಅದುರು ಕೈಗೆ ಕಡಿಮೆ, ಬೆಲೆ ಹೆಚ್ಚು. ಹಿಡಿಕೆ ಸಣ್ಣದು, ಮೇಲೆ ಉಬ್ಬು ಇಲ್ಲ. ಈ ಕೋಲನ್ನು ಚಾರಣದ ಕೋಲಿನಿಂದ ಬೇರೆ ಮಾಡುವ ಮುಖ್ಯ ಭಾಗ ಮಣಿಕಟ್ಟಿನ ಪಟ್ಟಿ. ಅದು ಬೆರಳಿಲ್ಲದ ಅರ್ಧ ಕೈಗವಸಿನಂತಿದ್ದು, ಹೆಬ್ಬೆರಳನ್ನು ತೂರಿಸಿ ಬಿಗಿದುಕೊಳ್ಳುವ ಹಾಗಿರುತ್ತದೆ. ಕೈ ಹಿಂದೆ ಹೋದಾಗ ಮುಷ್ಟಿ ಬಿಚ್ಚಿ ಹಿಡಿಕೆಯನ್ನು ಬಿಟ್ಟರೂ ಪಟ್ಟಿಯ ಮೂಲಕ ಒತ್ತುವುದು ಮುಂದುವರಿಯುತ್ತದೆ. ಚಾರಣದ ಕೋಲಿನ ಸಡಿಲ ಕುಣಿಕೆಯಲ್ಲಿ ಇದು ಅರ್ಧಮರ್ಧ ಮಾತ್ರ ಸಾಧ್ಯ.

ಕೆಳತುದಿಯಲ್ಲಿ ಗಟ್ಟಿ ಲೋಹದ ಮೊನೆ ಇರುತ್ತದೆ. ಮಣ್ಣು, ಮರಳು, ಹುಲ್ಲು, ಗರಸು ನೆಲಕ್ಕೆ ಮೊನೆ ಸಾಕು. ಟಾರು, ಕಾಂಕ್ರೀಟು, ಬಂಡೆಯ ಮೇಲೆ ಮೊನೆ ಜಾರುತ್ತದೆ, ಕಿರ್ರೆನ್ನುತ್ತದೆ. ಅಲ್ಲಿ ಮೊನೆಗೆ ರಬ್ಬರಿನ ಟೋಪಿ ತೊಡಿಸಬೇಕು. ಆ ರಬ್ಬರು ಪುಟ್ಟ ಬೂಟಿನ ಆಕಾರದಲ್ಲಿರುತ್ತದೆ. ಬೂಟಿನ ಮೂತಿ ಹಿಂದಕ್ಕೆ ಮುಖ ಮಾಡಿರಬೇಕು. ಮುಂದಕ್ಕೆ ತಿರುಗಿಸಿ ಹಾಕಿಕೊಂಡರೆ ಪ್ರತಿ ಹೆಜ್ಜೆಗೂ ಕೋಲು ಮುಗ್ಗರಿಸುತ್ತದೆ.

ಉದ್ದದ ಲೆಕ್ಕ ಸುಲಭ. ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು 0.68ರಿಂದ ಗುಣಿಸಬೇಕು. 165 ಸೆಂ.ಮೀ. ಎತ್ತರದವರಿಗೆ 112 ಬರುತ್ತದೆ. ಕೋಲುಗಳು ಸಾಮಾನ್ಯವಾಗಿ 5 ಸೆಂ.ಮೀ. ಅಂತರದಲ್ಲಿ ಸಿಗುವುದರಿಂದ ಅವರು 110ರದು ಕೊಳ್ಳಬೇಕು. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಹೊಸಬರಿಗೆ ಗಿಡ್ಡನೆಯದೇ ಮೇಲು. ಲೆಕ್ಕ ಬೇಡವೆಂದರೆ ಕೋಲನ್ನು ನೆಟ್ಟಗೆ ನಿಲ್ಲಿಸಿ ಹಿಡಿಕೆ ಹಿಡಿದಾಗ ಮೊಣಕೈ ಲಂಬಕೋನಕ್ಕೆ ಬಂದರೆ ಸರಿ. ಉದ್ದ ಹೊಂದಿಸಬಹುದಾದ ಚಾರಣದ ಕೋಲು ತುಮಕೂರು, ಬೆಂಗಳೂರಿನ ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸುಲಭವಾಗಿ ದೊರೆಯುತ್ತದೆ. ಕಲಿಯುವ ಮೊದಲ ತಿಂಗಳುಗಳಿಗೆ ಅಷ್ಟು ಸಾಕು. ಮನೆಯ ಬಿದಿರು ಕೋಲಿನಿಂದ ತಾಳ ಕಲಿಯಬಹುದು, ಆದರೆ ಪಟ್ಟಿ ಇಲ್ಲದ್ದರಿಂದ ಬಿಗಿಮುಷ್ಟಿ ಅಭ್ಯಾಸವಾಗಿಬಿಡುತ್ತದೆ. ಅದನ್ನು ಆಮೇಲೆ ಬಿಡಿಸುವುದು ಕಷ್ಟ.

ನಡೆಯುವ ಕ್ರಮ

ಮೊದಲ ದಿನ ಪಟ್ಟಿ ಬಿಗಿದುಕೊಂಡು ಕೋಲುಗಳನ್ನು ಹಿಡಿಯದೆ, ಎರಡನ್ನೂ ಹಿಂದೆ ನೆಲದ ಮೇಲೆ ಎಳೆದುಕೊಂಡು ಸುಮ್ಮನೆ ನಡೆಯಬೇಕು. ಕೈಗಳು ಎಂದಿನಂತೆ ಬೀಸಲಿ. ಎಡಗಾಲು ಮುಂದೆ ಹೋದಾಗ ಬಲಗೈ, ಬಲಗಾಲು ಹೋದಾಗ ಎಡಗೈ: ಇದು ಹುಟ್ಟಿನಿಂದ ಬಂದ ತಾಳ. ಕೋಲಿನ ಕಡೆ ಗಮನ ಹರಿದ ಕೂಡಲೇ ಈ ತಾಳ ತಪ್ಪಿ ಎಡಗೈ ಎಡಗಾಲು ಒಟ್ಟಿಗೆ ಹೋಗತೊಡಗುತ್ತವೆ. ತಪ್ಪಿದರೆ ನಿಂತು, ಮತ್ತೆ ಕೋಲು ಎಳೆದುಕೊಂಡು ಹತ್ತಿಪ್ಪತ್ತು ಹೆಜ್ಜೆ ನಡೆದರೆ ತಾನಾಗಿ ಸರಿಯಾಗುತ್ತದೆ.

ಆಮೇಲಿನ ಹಂತದಲ್ಲಿ ಕೈ ಮುಂದೆ ಬಂದಾಗ, ಶೇಕ್‌ಹ್ಯಾಂಡ್ ಕೊಡುವ ಎತ್ತರದಲ್ಲಿ, ಹಿಡಿಕೆಯನ್ನು ಮೆಲ್ಲಗೆ ಹಿಡಿಯಬೇಕು. ಕೋಲಿನ ತುದಿ ನೆಲ ಮುಟ್ಟುವ ಜಾಗ ಮುಂದಿನ ಪಾದಕ್ಕೂ ಹಿಂದಿನ ಪಾದಕ್ಕೂ ನಡುವೆ ಇರುತ್ತದೆ. ಮುಂದಿನ ಪಾದದ ಹಿಮ್ಮಡಿಗಿಂತ ಮುಂದೆ ಎಂದೂ ಹೋಗಬಾರದು. ಅಲ್ಲಿಂದ ಒತ್ತುತ್ತ ಕೈಯನ್ನು ಸೊಂಟ ದಾಟಿಸಿ ಹಿಂದಕ್ಕೆ ಒಯ್ಯಬೇಕು. ಸೊಂಟ ದಾಟಿದ ಮೇಲೆ ಬೆರಳು ಬಿಚ್ಚಿಕೊಳ್ಳುತ್ತವೆ, ಮೊಣಕೈ ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ತೋಳಿನ ಹಿಂಬದಿಯ ಸ್ನಾಯು ಬಿಗಿದದ್ದು ಆಗ ಗೊತ್ತಾಗುತ್ತದೆ. ಬೆನ್ನು ನೆಟ್ಟಗಿದ್ದು ಇಡೀ ಮೈ ಕಣಕಾಲಿನಿಂದ ಒಂಚೂರು ಮುಂದೆ ಬಾಗಿರಬೇಕು, ನೋಟ ದಾರಿಯ ಮೇಲಿರಬೇಕು. ಹೆಜ್ಜೆ ಎಂದಿನದಕ್ಕಿಂತ ತುಸು ಉದ್ದವಾಗುತ್ತದೆ. ಹಿಮ್ಮಡಿ ಮೊದಲು ಊರಿ, ಪಾದ ಉರುಳಿ, ಹೆಬ್ಬೆರಳಿನಿಂದ ನೆಲ ಬಿಡಬೇಕು.

ಏರಿನಲ್ಲಿ ಮೈ ಇನ್ನಷ್ಟು ಬಾಗಿ ತೋಳಿನ ಕೆಲಸ ಹೆಚ್ಚುತ್ತದೆ. ಇಳಿಜಾರಿನಲ್ಲಿ ಹೆಜ್ಜೆ ಗಿಡ್ಡ, ಮಂಡಿ ಸಡಿಲ, ಕೋಲು ನಿಧಾನಕ್ಕೆ ಬ್ರೇಕಿನ ಕೆಲಸ ಮಾಡುತ್ತದೆ. ಇಷ್ಟನ್ನು ಒಬ್ಬ ತಿಳಿದವರ ಎದುರು ನಡೆದು ತೋರಿಸಿ ತಿದ್ದಿಸಿಕೊಂಡರೆ ಬೇಗ ಬರುತ್ತದೆ. ತಿಳಿದವರು ಸಿಗದಿದ್ದರೆ ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಸಿ ನೋಡಿಕೊಳ್ಳುವುದು ಒಳ್ಳೆಯ ಉಪಾಯ. ಕೋಲು ಮುಂದೆ ಬೀಳುತ್ತಿದೆಯೋ ಹಿಂದೆ ಬೀಳುತ್ತಿದೆಯೋ ತಕ್ಷಣ ಕಾಣುತ್ತದೆ.

ಲಾಭದ ಲೆಕ್ಕ

ಅಮೆರಿಕದ ಡಲ್ಲಾಸಿನ ಕೂಪರ್ ಸಂಸ್ಥೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 22 ಜನ ಕೋಲಿಲ್ಲದೆಯೂ ಕೋಲು ಹಿಡಿದೂ ನಡೆದರು. ಕೋಲಿನೊಂದಿಗೆ ನಡೆದಾಗ ದೇಹ ಖರ್ಚು ಮಾಡಿದ ಶಕ್ತಿ ಸರಾಸರಿ ಶೇಕಡಾ 20ರಷ್ಟು ಹೆಚ್ಚು. ಆದರೆ ಆಯಾಸ ಹೆಚ್ಚಾಯಿತೆಂದು ಅವರಿಗೆ ಅನ್ನಿಸಲಿಲ್ಲ. ಸಕ್ಕರೆ ಕಾಯಿಲೆ, ಬೊಜ್ಜು ಇರುವವರಿಗೆ ಇದು ಬೆಲೆಯುಳ್ಳ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆ. ಅದು ಪಟ್ಟಣಕ್ಕೆ ಮಾತ್ರ ಸೀಮಿತವಾದ ರೋಗವಾಗಿ ಉಳಿದಿಲ್ಲ.

ಕೆನಡದ ಒಟ್ಟಾವಾ ಹೃದ್ರೋಗ ಸಂಸ್ಥೆಯಲ್ಲಿ ಹೃದಯದ ರಕ್ತನಾಳದ ಕಾಯಿಲೆಯಿದ್ದ 130 ಜನರನ್ನು ಮೂರು ಗುಂಪು ಮಾಡಿ 12 ವಾರ ಬೇರೆಬೇರೆ ವ್ಯಾಯಾಮ ಮಾಡಿಸಿದರು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂಬ ಪರೀಕ್ಷೆಯಲ್ಲಿ ನಾರ್ಡಿಕ್ ನಡಿಗೆಯವರ ಸಾಮರ್ಥ್ಯ ಶೇಕಡಾ 19ರಷ್ಟು ಏರಿತು. ನಡುನಡುವೆ ಬಿಡುವು ಕೊಟ್ಟು ತೀವ್ರವಾಗಿ ಮಾಡುವ ವ್ಯಾಯಾಮದವರದು 13, ಸಾಧಾರಣ ವ್ಯಾಯಾಮದವರದು 12. ಈ ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ಪಾರ್ಕಿನ್ಸನ್ ಕಾಯಿಲೆಯವರ ನಡಿಗೆ ಮತ್ತು ಸಮತೋಲನಕ್ಕೂ ಕೋಲು ನಡಿಗೆ ನೆರವಾಗುತ್ತದೆಂದು ಜರ್ಮನಿಯ ಅಧ್ಯಯನಗಳು ಹೇಳಿವೆ.

ಮಂಡಿನೋವಿನ ವಿಷಯದಲ್ಲಿ ಮಾತ್ರ ಮಾರಾಟಗಾರರ ಮಾತನ್ನು ಪೂರ್ತಿ ನಂಬಬಾರದು. ಕಡಿದಾದ ಇಳಿಜಾರಿನಲ್ಲಿ ಕೋಲು ಬಳಸಿದರೆ ಮಂಡಿಯ ಮೇಲಿನ ಹೊರೆ ಶೇಕಡಾ 12ರಿಂದ 25ರವರೆಗೆ ತಗ್ಗುತ್ತದೆಂದು ಹರ್ಮನ್ ಶ್ವಾಮೇಡರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಸಮತಟ್ಟು ನೆಲದ ನಾರ್ಡಿಕ್ ನಡಿಗೆಯಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂದು ಡೆನ್ಮಾರ್ಕಿನ ಸಂಶೋಧಕರು 2008ರಲ್ಲಿ ಬರೆದರು. ಎರಡೂ ನಿಜ, ಬೆಟ್ಟ ಇಳಿಯುವವರಿಗೆ ಮಂಡಿಯ ಲಾಭವಿದೆ, ಕೆರೆ ಏರಿಯ ಮೇಲೆ ನಡೆಯುವವರಿಗೆ ಲಾಭ ಹೃದಯಕ್ಕೆ, ತೋಳಿಗೆ, ತೂಕಕ್ಕೆ. ಪೆಟ್ಟಾಗುವುದು ಅಪರೂಪ. ಆಗುವ ಪೆಟ್ಟುಗಳಲ್ಲಿ ಹೆಬ್ಬೆರಳಿನದೇ ಹೆಚ್ಚು: ಬಿದ್ದಾಗ ಪಟ್ಟಿಯಲ್ಲಿ ಸಿಕ್ಕಿಕೊಂಡ ಹೆಬ್ಬೆರಳು ತಿರುಚಿಕೊಳ್ಳುತ್ತದೆ.

ನೆಲ, ಬಂಡೆ, ಬಿಸಿಲು

ಈ ಸೀಮೆಯಲ್ಲಿ ಇದಕ್ಕೆ ಅತಿ ಒಳ್ಳೆಯ ನೆಲ ಕೆರೆ ಏರಿ. ಶಿರಾದ ದೊಡ್ಡ ಕೆರೆಯಂಥ ಏರಿಗಳಲ್ಲಿ ಬಿಗಿದ ಮಣ್ಣು, ಉದ್ದದ ನೇರ ದಾರಿ, ಮೇಲೆ ಗಾಳಿ. ಮೊನೆ ಚೆನ್ನಾಗಿ ಕಚ್ಚುತ್ತದೆ. ಪಟ್ಟಣಗಳ ಶಾಲಾ ಕಾಲೇಜು ಮೈದಾನಗಳೂ ಆಗಬಹುದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸುತ್ತಿನ ಹುಲ್ಲುಗಾವಲು ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು. 798 ಎಕರೆಯ ಆ ಬಯಲು ಜಿಂಕೆಗಳದ್ದು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಚಿಂಕಾರಾ ವನ್ಯಜೀವಿಧಾಮಕ್ಕೂ ಅದೇ ಮಾತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಕಾಲಿಡಬಾರದು.

ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ್ದು. ಕೋಲು ಹಿಡಿದು ಇದನ್ನು ಹತ್ತುವ ಉತ್ಸಾಹ ಸಹಜವಾದರೂ ಒಂದು ಎಚ್ಚರಿಕೆ ಬೇಕೇಬೇಕು. ಕೆಳಗಿನ ಮೆಟ್ಟಿಲು ಮತ್ತು ಕೋಟೆ ಬಾಗಿಲುಗಳವರೆಗೆ ಕೋಲು ಆಸರೆಯಾಗುತ್ತದೆ. ಮೇಲೆ ಹೋದಂತೆ ಬರಿ ಬಂಡೆ. ಕಾಲಿಡಲು ಕೊರೆದ ಸಣ್ಣ ಕುಳಿಗಳು, ಹಿಡಿಯಲು ಕಬ್ಬಿಣದ ಕಂಬಿ. ಅಲ್ಲಿ ಎರಡೂ ಕೈ ಖಾಲಿ ಇರಬೇಕು. ಕೋಲನ್ನು ಮಡಿಚಿ ಬ್ಯಾಗಿಗೆ ಸೇರಿಸದೆ ಆ ಜಾಗ ಹತ್ತುವುದು ಅಪಾಯ. ಮಳೆ ಬಿದ್ದು ಬಂಡೆ ಒದ್ದೆಯಾಗಿದ್ದರೆ ರಬ್ಬರು, ಮೊನೆ ಎರಡೂ ಕೆಲಸಕ್ಕೆ ಬಾರವು. ಕೊರಟಗೆರೆಯ ಚನ್ನರಾಯನದುರ್ಗ, ಪಾವಗಡದ ನಿಡಗಲ್ಲು ದುರ್ಗಗಳಲ್ಲೂ ಬಂಡೆಯ ಭಾಗಗಳಿಗೆ ಇದೇ ನಿಯಮ. ಸಿದ್ದರಬೆಟ್ಟದಂಥ ಯಾತ್ರಾಸ್ಥಳದಲ್ಲಿ ಇಳಿಯುವಾಗ ಮಂಡಿನೋವಿನವರಿಗೆ ಕೋಲು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಬೆಟ್ಟದ ತಪ್ಪಲುಗಳಲ್ಲಿ ಕರಡಿ, ಚಿರತೆಗಳ ಓಡಾಟವಿದೆ. ಮಧುಗಿರಿಯ ತಿಮ್ಮಲಾಪುರ ಅರಣ್ಯದ ಸುತ್ತ ಕರಡಿಗಳು ಸಾಮಾನ್ಯ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ತಪ್ಪಲಿನ ದಾರಿ ಹಿಡಿಯಬಾರದು. ಕೈಯಲ್ಲಿ ಕೋಲಿದೆಯೆಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ನಡಿಗೆ ಮುಗಿಸುವುದು ಕ್ಷೇಮ. ಹೊರಡುವ ಮುಂಚೆ ನೀರು, ಬಂದ ಮೇಲೆ ಮಜ್ಜಿಗೆ.

ರಾಯಚರ್ಲು ಮತ್ತು ಸೌರ ಫಲಕಗಳ ಊರುಗಳು

ಪಾವಗಡ ತಾಲ್ಲೂಕಿನ ರಾಯಚರ್ಲು, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರವಿದ್ಯುತ್ ಪಾರ್ಕ್ ಇದೆ. ಸರ್ಕಾರ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಿತು; ಆರಂಭದ ಗುತ್ತಿಗೆ ಹಣ ಎಕರೆಗೆ ವರ್ಷಕ್ಕೆ 21,000 ರೂಪಾಯಿ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪಾರ್ಕ್ 2019ರ ಕೊನೆಗೆ ಪೂರ್ಣಗೊಂಡಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋಲುತ್ತಿದ್ದ ಜಮೀನುದಾರರಿಗೆ ಖಚಿತ ವರಮಾನ ಸಿಕ್ಕಿತು. ಕೂಲಿಯವರಿಗೆ ಹೊಲದ ಕೆಲಸ, ಕುರಿಯವರಿಗೆ ಮೇವಿನ ಬಯಲು ತಪ್ಪಿತು.

ಈ ಲೇಖನದ ದೃಷ್ಟಿಯಿಂದ ಇದರಲ್ಲಿ ಇನ್ನೊಂದು ಬದಲಾವಣೆ ಗಮನಿಸಬೇಕು. ಉಳುವುದು, ಕಳೆ ಕೀಳುವುದು, ಕಾಯಿ ಬಿಡಿಸುವುದು, ಹುಲ್ಲು ಹೊರುವುದು ಇವೆಲ್ಲ ಕೈ ಕಾಲು ಬೆನ್ನು ಮೂರಕ್ಕೂ ಕೆಲಸ ಕೊಡುತ್ತಿದ್ದವು. ಹೊಲ ಗುತ್ತಿಗೆಗೆ ಹೋದ ಮನೆಯಲ್ಲಿ ಆ ದುಡಿಮೆ ನಿಂತಿತು, ಊಟ ಹಾಗೇ ಉಳಿಯಿತು. ಬರಿ ನಡಿಗೆ ಮುಖ್ಯವಾಗಿ ಕಾಲು, ಸೊಂಟಗಳನ್ನು ದುಡಿಸುತ್ತದೆ. ತೋಳು ಬೆನ್ನುಗಳಿಗೆ ತಪ್ಪಿದ ದುಡಿಮೆಯ ಸ್ವಲ್ಪ ಪಾಲನ್ನಾದರೂ ಹಿಂದಿರುಗಿಸುವ ನಡಿಗೆ ಇದು. ಹೊಲ ಬಿಟ್ಟ ರೈತ ಕುಟುಂಬಗಳಿಗೆ ಜಿಮ್ಮಿಗಿಂತ, ಓಟಕ್ಕಿಂತ ಇದು ಹತ್ತಿರದ್ದೆಂದು ಧೈರ್ಯವಾಗಿ ಹೇಳಬಹುದು. ಪಾರ್ಕಿನ ಸುತ್ತಲ ಟಾರು ರಸ್ತೆಗಳಲ್ಲಿ ನಡೆಯುವವರು ರಬ್ಬರು ಟೋಪಿ ಮರೆಯಬಾರದು, ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಬೇಕು.

ಯಾರು ವೈದ್ಯರನ್ನು ಕೇಳಬೇಕು

ಪಾವಗಡ ಸೇರಿದಂತೆ ಈ ಸೀಮೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಹಲ್ಲು ಕಂದುವುದಷ್ಟೇ ಅಲ್ಲ, ಕೀಲು ಬಿಗಿದು ಬೆನ್ನು ಮಣಿಯದಂತಾಗುತ್ತದೆ. ಅಂಥವರು ಕೋಲು ಹಿಡಿಯುವ ಮೊದಲು ಮೂಳೆ ವೈದ್ಯರಿಗೆ ತೋರಿಸಬೇಕು. ಬಿಗಿದ ಹೆಗಲನ್ನು ಬಲವಂತವಾಗಿ ಬೀಸಿದರೆ ನೋವು ಹೆಚ್ಚುತ್ತದೆ. ಎದೆನೋವು, ತಲೆಸುತ್ತು, ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರೂ ಕೇಳಿಯೇ ಆರಂಭಿಸಬೇಕು. ಸಕ್ಕರೆ ಕಾಯಿಲೆಯವರು ಚಪ್ಪಲಿಯಲ್ಲಿ ನಡೆಯದೆ ಕಾಲ್ಚೀಲ, ಶೂ ಹಾಕಿಕೊಂಡು, ಮನೆಗೆ ಬಂದ ಮೇಲೆ ಪಾದ ನೋಡಿಕೊಳ್ಳಬೇಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ ಕೆಳಗಿನ ಮಿತಿ ಮುಟ್ಟಿದಂತೆ.

ಅಡ್ಡಿಯೊಂದು ಉಳಿದಿದೆ. ಐವತ್ತು ದಾಟದವರು ಕೋಲು ಹಿಡಿದರೆ ಊರಿನವರು "ಏನಾಯ್ತು, ಕಾಲು ಮುರೀತಾ?" ಎಂದು ಕೇಳುತ್ತಾರೆ. ಹೆಂಗಸರಿಗೆ ಈ ಮುಜುಗರ ಇನ್ನೂ ಹೆಚ್ಚು. ಒಬ್ಬರೇ ಹೊರಟರೆ ಈ ಮಾತಿಗೆ ಹೆದರಿ ಕೋಲು ಅಟ್ಟ ಸೇರುತ್ತದೆ. ನಾಲ್ಕೈದು ಜನ ಒಟ್ಟಿಗೆ ಹೊರಟರೆ ವಾರದೊಳಗೆ ಮಾತು ನಿಲ್ಲುತ್ತದೆ. ಆದ್ದರಿಂದ ಸ್ವಸಹಾಯ ಸಂಘಗಳು, ನಿವೃತ್ತ ನೌಕರರ ಸಂಘಗಳು, ಪ್ರೌಢಶಾಲೆಗಳ ವ್ಯಾಯಾಮ ಶಿಕ್ಷಕರು ಇದನ್ನು ಕೈಗೆತ್ತಿಕೊಳ್ಳಬೇಕು. ಉದ್ದ ಹೊಂದಿಸಬಹುದಾದ ಹತ್ತು ಜೊತೆ ಕೋಲನ್ನು ಶಾಲೆಯಲ್ಲೋ ಪಂಚಾಯತಿ ಗ್ರಂಥಾಲಯದಲ್ಲೋ ಇಟ್ಟರೆ ಊರಿನವರು ಸರದಿಯ ಮೇಲೆ ಬಳಸಬಹುದು, ಪ್ರತಿಯೊಬ್ಬರೂ ಕೊಳ್ಳಬೇಕಾಗಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗಳು ಮಧುಮೇಹ, ರಕ್ತದೊತ್ತಡದ ತಪಾಸಣೆ ಶಿಬಿರಗಳಲ್ಲಿ ಮಾತ್ರೆಯ ಚೀಟಿಯ ಜೊತೆಗೆ ಈ ನಡಿಗೆಯನ್ನೂ ತೋರಿಸಿಕೊಡಬೇಕೆಂದು ಕೋರಬೇಕಾಗಿದೆ.